ಇಟಗಿ ಪರಿಸರದ ಹಿಂದುಳಿದಿರುವಿಕೆ: ಹೆಣೆದುಕೊಂಡ ಕಾರಣಗಳ ಸಮಸ್ಯೆ

ಇಟಗಿಯ ಮಹಾದೇವ ದೇವಾಲಯವನ್ನು ಕ್ರಿ.ಶ. 1112ರಲ್ಲಿ ಕಟ್ಟಿಸಿದವನು ಕಲ್ಯಾಣ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನವು 'ದೇವಾಲಯ ಚಕ್ರವರ್ತಿ' ಎಂದು ಕೊಂಡಾಡಿದ ಈ ಗುಡಿಯ ಸೀಮೆಯಾದ ಯಲಬುರ್ಗಾ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯಲ್ಲಿ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿತು. (ಇಟಗಿ ಈಗ ಕುಕನೂರು ತಾಲ್ಲೂಕಿನಲ್ಲಿದೆ.) ದಂಡನಾಯಕನ ಬೊಕ್ಕಸದಿಂದ ಎದ್ದ ಗುಡಿ ಒಕ್ಕಲಿನ ಸಮೃದ್ಧಿಗೆ ಸಾಕ್ಷಿಯಾಗಲಾರದು, ನಿಜ. ಆದರೂ ಈ ಸೀಮೆ ಹಿಂದುಳಿದದ್ದು ಏಕೆಂಬ ಪ್ರಶ್ನೆ ಉಳಿಯುತ್ತದೆ.

ಸಮಿತಿಯು 35 ಸೂಚಕಗಳನ್ನು ಒಂದುಗೂಡಿಸಿ, 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ಇಂತಹ ಸೂಚ್ಯಂಕ ಸ್ಥಿತಿಯನ್ನು ಅಳೆಯಬಲ್ಲದು, ಕಾರಣವನ್ನು ಹೇಳಲಾರದು. ನಿಜಾಮರ ಆಳ್ವಿಕೆ, ಅಲ್ಪ ಮಳೆ, ಅಕ್ಷರಾಭ್ಯಾಸದ ಕೊರತೆ ಎಂಬ ರೂಢಿಯ ಉತ್ತರಗಳು ಈ ಭಾಗದಲ್ಲಿ ಒಟ್ಟೊಟ್ಟಿಗೇ ಕಂಡುಬರುತ್ತವೆ. ಹೀಗೆ ಪರಸ್ಪರ ಸಹಸಂಬಂಧವುಳ್ಳ ಅಂಶಗಳನ್ನು ಒಂದೇ ರಿಗ್ರೆಷನ್ ಸಮೀಕರಣಕ್ಕೆ ಸೇರಿಸಿದರೆ ಗುಣಾಂಕಗಳು ಅಸ್ಥಿರವಾಗುತ್ತವೆ. ನಾಲ್ಕಾರು ತಾಲ್ಲೂಕುಗಳನ್ನು ಕೈಬಿಟ್ಟರೂ ಧನ ಋಣವಾಗಬಹುದು. 1970ರಲ್ಲಿ ಆರ್ಥರ್ ಹೋರ್ಲ್ ಮತ್ತು ರಾಬರ್ಟ್ ಕೆನಾರ್ಡ್ ಮಂಡಿಸಿದ 'ರಿಡ್ಜ್ ರಿಗ್ರೆಷನ್' ಇದಕ್ಕೊಂದು ಪರಿಹಾರ. ಲೆಕ್ಕದ ಮಾತೃಕೆಯ ಕರ್ಣಕ್ಕೆ ಸಣ್ಣದೊಂದು ಧನಸಂಖ್ಯೆಯನ್ನು ಕೂಡಿಸಿದಾಗ ಗುಣಾಂಕಗಳು ಸೊನ್ನೆಯತ್ತ ಸರಿಯುತ್ತವೆ. ತುಸು ಪಕ್ಷಪಾತ ಬಂದರೂ ಅಂದಾಜಿನ ಓಲಾಟ ತಗ್ಗುತ್ತದೆ. ಮುನ್ನಂದಾಜಿಗೆ ಇದು ಉಪಯುಕ್ತ. ಇತಿಹಾಸಕಾರನಿಗೆ ಸಾಲದು: ಜೊತೆಗೂಡಿ ಬಂದ ಕಾರಣಗಳಿಗೆ ಈ ವಿಧಾನ ಹೊಣೆಯನ್ನು ಹಂಚಿಕೊಡುತ್ತದೆಯೇ ಹೊರತು, ನಿಜವಾದ ಹೊಣೆಗಾರನನ್ನು ಗುರುತಿಸುವುದಿಲ್ಲ. 2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ವಿಧಿ ದೊರೆತ ಪ್ರದೇಶದಲ್ಲಿ, ಹಣ ಶಾಲೆಗೋ ನೀರಿಗೋ ಎಂಬ ತೀರ್ಮಾನಕ್ಕೆ ಈ ವ್ಯತ್ಯಾಸ ಮುಖ್ಯವಾದುದು.

ಎಳೆಗಳು ಬೇರ್ಪಡುವ ನೆಲೆಯನ್ನೇ ಹುಡುಕಬೇಕಾಗುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು, 1997ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಆದ್ದರಿಂದ ಇವುಗಳ ನಡುವಣ ಅಂತರಕ್ಕೆ ನಿಜಾಮರ ಆಳ್ವಿಕೆಯೊಂದೇ ಕಾರಣವೆನ್ನಲಾಗದು. ಆ ಆಳ್ವಿಕೆಯೂ ಏಕರೂಪದ್ದಲ್ಲ. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರಾಗಿದ್ದವು. 1953ರಲ್ಲಿ ತುಂಗಭದ್ರೆಯ ನೀರು ಹರಿದ ಬಳಿಕ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಸೀಮೆಯಾಯಿತು. ಯಲಬುರ್ಗಾ, ಕುಷ್ಟಗಿಗಳ ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿತು. ಹಾಗೆಂದು ನೀರೇ ಸರ್ವಕಾರಣವೆನ್ನುವುದೂ ಅವಸರದ ಮಾತು. ಕಾಲುವೆಯ ಹಿಂದೆಯೇ ಆಂಧ್ರದ ವಲಸೆ ರೈತರ 'ಕ್ಯಾಂಪು'ಗಳೂ ಅವರ ಬಂಡವಾಳವೂ ಬಂದವು. ಮತ್ತೆ ಎರಡು ಕಾರಣಗಳು ಹೆಣೆದುಕೊಂಡವು. ಎಡದಂಡೆ ಕಾಲುವೆ ಹೊರಡುವ ಮುನಿರಾಬಾದ್ ಇರುವುದು ಹಳೆಯ ಜಾಗೀರಾದ ಕೊಪ್ಪಳ ತಾಲ್ಲೂಕಿನಲ್ಲೇ. ಆ ಒಂದೇ ತಾಲ್ಲೂಕಿನಲ್ಲಿ ಕಾಲುವೆ ಮುಟ್ಟಿದ ಊರುಗಳೂ ಮುಟ್ಟದ ಊರುಗಳೂ ಇರುವುದರಿಂದ, ಹೋಲಿಕೆಯನ್ನು ಅಲ್ಲಿಂದ ಆರಂಭಿಸುವುದು ಯುಕ್ತ.