ಸಂತ ಅಲೋಶಿಯಸ್ ಚಾಪೆಲ್, ಮಂಗಳೂರು

ಬಾವುಟಗುಡ್ಡೆಯ ಈ ಪ್ರಾರ್ಥನಾ ಮಂದಿರವನ್ನು 1880ರ ದಶಕದಲ್ಲಿ ಯೇಸು ಸಭೆಯ ಪಾದ್ರಿಗಳು ಕಟ್ಟಿಸಿದರು. ಇಟಲಿಯಿಂದ ಬಂದ ಅವರು 1880ರಲ್ಲಿ ಆರಂಭಿಸಿದ ಕಾಲೇಜಿನ ವಿದ್ಯಾರ್ಥಿಗಳಿಗೆ ಇದು ಪೂಜೆಯ ಜಾಗವಾಯಿತು.

ಒಳಗಿನ ಚಿತ್ರಗಳೆಲ್ಲ ಇಟಲಿಯ ಬೆರ್ಗಾಮೊ ಸೀಮೆಯ ಬ್ರದರ್ ಆಂತೋನಿಯೊ ಮೊಸ್ಕೇನಿಯವರ ಕೈಕೆಲಸ. 1899ರಿಂದ ಸುಮಾರು ಎರಡು ವರ್ಷ ಅವರು ಇಲ್ಲಿ ದುಡಿದರು. ಕೆಲವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು, ಉಳಿದವು ಫ್ರೆಸ್ಕೊ. ಫ್ರೆಸ್ಕೊಗೆ ಹಸಿ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಬೇಕು. ಬಣ್ಣ ಗಾರೆಯೊಳಗೇ ಇಳಿದು ಗೋಡೆಯ ಭಾಗವಾಗುತ್ತದೆ. ಕೈ ತಪ್ಪಿದರೆ ಗಾರೆ ಕೆತ್ತಿ ಮತ್ತೆ ಮೊದಲಿನಿಂದ ಶುರು. ಕರಾವಳಿಯ ಮಳೆ, ಉಪ್ಪುಗಾಳಿಯ ನಡುವೆ ಇಷ್ಟು ದೊಡ್ಡ ಕೆಲಸವನ್ನು ಒಬ್ಬರು ಮುಗಿಸಿದ್ದು ನಿಜಕ್ಕೂ ಅಚ್ಚರಿ.

ತಲೆಯೆತ್ತಿ ಚಾವಣಿಯ ನಡುಸಾಲನ್ನು ನೋಡಿ. ಈ ಮಂದಿರಕ್ಕೆ ಹೆಸರಾದ ಸಂತ ಅಲೋಶಿಯಸ್ ಗೊನ್ಜಾಗರ ಬದುಕು ಅಲ್ಲಿದೆ. ರೋಮಿನಲ್ಲಿ ಪಿಡುಗು ತಗಲಿದವರಿಗೆ ಅವರು ಆರೈಕೆ ಮಾಡುವ ಚಿತ್ರವನ್ನು ಹುಡುಕಿ. ಅರಮನೆ ಬಿಟ್ಟುಬಂದ ಆ ಯುವಕ ಅದೇ ಸೇವೆಯಲ್ಲಿ ಕಾಯಿಲೆ ಬಿದ್ದು 1591ರಲ್ಲಿ ತೀರಿಕೊಂಡಾಗ ವಯಸ್ಸು 23.

ಸುತ್ತಲಿನ ಕಾಲೇಜು ಮದ್ರಾಸ್, ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳ ಆಶ್ರಯದಲ್ಲಿ ಬೆಳೆದು, 2007ರಲ್ಲಿ ಸ್ವಾಯತ್ತವಾಯಿತು. 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು.

1990ರ ದಶಕದಲ್ಲಿ ಪರಂಪರೆ ಸಂರಕ್ಷಣಾ ಸಂಸ್ಥೆ ಇಂಟ್ಯಾಕ್‌ನ ತಜ್ಞರು ಚಾಪೆಲ್‌ನ ಚಿತ್ರಗಳನ್ನು ಜೀರ್ಣೋದ್ಧಾರ ಮಾಡಿದರು. ಕೈಯ ಬೆವರು ಗಾರೆಯನ್ನು ಕೆಡಿಸುತ್ತದೆ. ದಯವಿಟ್ಟು ಗೋಡೆ ಮುಟ್ಟಬೇಡಿ.