ಸುದ್ದಗುಂಟೆಪಾಳ್ಯದ ಆಸುಪಾಸಿನಲ್ಲಿ ಓಟಿ

ಎ.ಡಿ.ಎಚ್.ಡಿ., ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆ ಇರುವ ಮಕ್ಕಳಿಗೆ ಕೊಡುವ ಆಕ್ಯುಪೇಷನಲ್ ಥೆರಪಿಗೆ ಬೆಂಗಳೂರಿನ ತಂದೆತಾಯಿಯರ ಬಾಯಲ್ಲಿ ‘ಓಟಿ’ ಎಂದಷ್ಟೇ ಹೆಸರು; ಅದನ್ನು ಕೊಡುವ ಥೆರಪಿಸ್ಟರಿಗೂ ಅದೇ ಹೆಸರು. ನಗರದ ದಕ್ಷಿಣ ಭಾಗದಲ್ಲಿ ಈ ಕಸುಬು ಬೇರುಬಿಟ್ಟದ್ದಕ್ಕೆ ನೆರೆಹೊರೆಯೇ ದೊಡ್ಡ ಕಾರಣ. ಹೊಸೂರು ರಸ್ತೆ ಮತ್ತು ಬನ್ನೇರುಘಟ್ಟ ರಸ್ತೆಗಳ ನಡುವಿನ ಸುದ್ದಗುಂಟೆಪಾಳ್ಯದ ಪಿನ್‌ಕೋಡ್ 560029. ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್, ಕಿದ್ವಾಯಿ ಆಸ್ಪತ್ರೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕ್ರೈಸ್ಟ್ ವಿಶ್ವವಿದ್ಯಾಲಯಗಳಿಗೆ ಬರುವ ಕಾಗದಗಳ ಮೇಲೂ ಇದೇ ಸಂಖ್ಯೆ ಇರುತ್ತದೆ. ಮಗು ಕೂತಲ್ಲಿ ಕೂರುವುದಿಲ್ಲ ಎಂಬ ದೂರು ಹೊತ್ತು ದೂರದ ಜಿಲ್ಲೆಗಳಿಂದ ಬಸ್ಸು ಹತ್ತುವವರು ಬಂದಿಳಿಯುವುದೂ ಇಲ್ಲಿಗೇ.

ಈ ಚಿಕಿತ್ಸೆಯ ಹಳೆಯ ಬೇರು ಮಕ್ಕಳದ್ದಲ್ಲ, ದೊಡ್ಡವರದ್ದು. 1847ರ ಹೊತ್ತಿಗೆ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅವರ ಮೇಲ್ವಿಚಾರಣೆಯಲ್ಲಿ ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಶುರುವಾಯಿತು. ಜನ ಅದನ್ನು ಕರೆದದ್ದು ಹಾಗೆಯೇ. ಊರೊಳಗಿದ್ದ ಆಸ್ಪತ್ರೆ 1930ರ ದಶಕದ ಉತ್ತರಾರ್ಧದಲ್ಲಿ ಆಗ ಊರಾಚೆಯಿದ್ದ ಲಕ್ಕಸಂದ್ರದ ಬಯಲಿಗೆ ಬಂದಿತು. ಮುಂದೆ ಅದರ ಹೊಣೆ ಹೊತ್ತವರು ಡಾ. ಎಂ.ವಿ. ಗೋವಿಂದಸ್ವಾಮಿ. ಮನೋರೋಗಿಗಳನ್ನು ಸರಪಳಿಯಲ್ಲಿಡುವ ಬದಲು ಕೈಗೆ ಕೆಲಸ ಕೊಡಬೇಕು ಎಂಬ ವಿಚಾರ ಯುರೋಪಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಗೇ ಹುಟ್ಟಿತ್ತು. ಅದು ಬ್ರಿಟಿಷರ ಜೊತೆ ಇಲ್ಲಿಗೂ ಬಂತು. ತೋಟದ ಕೆಲಸ, ನೇಯ್ಗೆ, ಬುಟ್ಟಿ ಹೆಣಿಗೆಗಳು ಆ ಕಾಲದ ಆಸ್ಪತ್ರೆಗಳ ದಿನಚರಿಯ ಭಾಗವಾಗಿದ್ದವು. ದುಡಿಮೆ ಚಿಕಿತ್ಸೆಯೂ ಆಗಿತ್ತು, ಆಸ್ಪತ್ರೆಯ ಖರ್ಚು ತಗ್ಗಿಸುವ ಉಪಾಯವೂ ಆಗಿತ್ತು. ಲಕ್ಕಸಂದ್ರದ ಆ ಆಸ್ಪತ್ರೆಯೇ ಮುಂದೆ ಸೇರಿಕೊಂಡ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದ ಬೇಕರಿ, ಹೊಲಿಗೆ, ಮರಗೆಲಸಗಳು ಆ ಪರಂಪರೆಯ ಮುಂದುವರಿಕೆ.

ಕೆಲಸವನ್ನೇ ಚಿಕಿತ್ಸೆಯಾಗಿಸಿದ ಈ ಪದ್ಧತಿ ಅಮೆರಿಕದಲ್ಲಿ ಒಂದು ವೃತ್ತಿಯಾಯಿತು. 1917ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಅದರ ಮೊದಲ ಸಂಘ ಹುಟ್ಟಿತು. ಸಂಸ್ಥಾಪಕರಲ್ಲಿ ಒಬ್ಬರಾದ ಎಲೀನರ್ ಕ್ಲಾರ್ಕ್ ಸ್ಲೇಗಲ್ ರೂಪಿಸಿದ್ದು ಅಭ್ಯಾಸ ತರಬೇತಿ. ಏಳುವುದು, ಮೀಯುವುದು, ಉಣ್ಣುವುದು, ದುಡಿಯುವುದು, ಆಡುವುದು ಎಂದು ಇಡೀ ದಿನವನ್ನು ಹದಕ್ಕೆ ತಂದು, ಕೆಟ್ಟ ರೂಢಿಯ ಜಾಗದಲ್ಲಿ ಒಳ್ಳೆಯ ರೂಢಿಯನ್ನು ನೆಲೆಗೊಳಿಸುವ ಕ್ರಮ ಅದು. ಇಂದು ಬೆಂಗಳೂರಿನ ಓಟಿಗಳು ಎ.ಡಿ.ಎಚ್.ಡಿ. ಮಗುವಿನ ಮನೆಯ ಗೋಡೆಗೆ ಅಂಟಿಸಲು ಕೊಡುವ ಚಿತ್ರ-ವೇಳಾಪಟ್ಟಿಯ ವಂಶ ಹುಡುಕುತ್ತ ಹೋದರೆ ಸಿಗುವುದು ಸ್ಲೇಗಲ್ ಅವರೇ. ಭಾರತಕ್ಕೆ ಈ ವೃತ್ತಿಯನ್ನು ತಂದವರು ಅಮೆರಿಕದಲ್ಲಿ ಹುಟ್ಟಿ ಇಲ್ಲಿಯ ಸೊಸೆಯಾದ ಕಮಲಾ ನಿಂಬಕರ್. 1950ರಲ್ಲಿ ಅವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಏಷ್ಯಾದ ಮೊದಲ ಓಟಿ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟರ ಸಂಘ ಸ್ಥಾಪನೆಯಾಯಿತು. ಎರಡು ವರ್ಷ ಕಳೆದು, ಲಕ್ಕಸಂದ್ರದ ಆವರಣದಲ್ಲಿ ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು.

ಇತ್ತ ಚಂಚಲ ಮಗುವಿನ ಕಥೆ ಬೇರೆಯೇ ದಾರಿಯಲ್ಲಿ ಸಾಗಿತ್ತು. ತುಂಟ, ಚೇಷ್ಟೆಗಾರ, ಒಂದು ಕಡೆ ನಿಲ್ಲದವನು ಎಂದು ಮನೆಯವರು ಬೈದು ಸುಮ್ಮನಾಗುತ್ತಿದ್ದ ಮಗುವನ್ನು ವೈದ್ಯರು ಗಂಭೀರವಾಗಿ ನೋಡತೊಡಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ತಮ್ಮ ಉಪನ್ಯಾಸಗಳಲ್ಲಿ ಇಂಥ ಮಕ್ಕಳನ್ನು ವರ್ಣಿಸಿದರು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ, ಚುರುಕು ಹೆಚ್ಚಿಸುವ ಬೆಂಜೆಡ್ರಿನ್ ಔಷಧಿಯಿಂದಲೇ ಅವರು ಶಾಂತರಾಗುವುದನ್ನು ಕಂಡರು. ಮುಂದೆ ಇಂಥ ಮಕ್ಕಳಿಗೆ ಕೊಡುವ ಮಾತ್ರೆಯಾದ ಮೀಥೈಲ್‌ಫೆನಿಡೇಟ್ 1944ರಲ್ಲಿ ತಯಾರಾಯಿತು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈ ಸ್ಥಿತಿಯ ಹೆಸರು 1968, 1980, 1987ರಲ್ಲಿ ಮತ್ತೆ ಮತ್ತೆ ಬದಲಾಗಿ ಕೊನೆಗೆ ಎ.ಡಿ.ಎಚ್.ಡಿ. ಎಂದು ನಿಂತಿತು. ಈ ಇಡೀ ಕಥೆಯಲ್ಲಿ ಓಟಿಯ ಸುಳಿವಿಲ್ಲ. ಗಮನದ ಕೊರತೆಗೆ ಇದ್ದದ್ದು ಮಾತ್ರೆ, ಆಮೇಲೆ ನಡವಳಿಕೆಯ ತರಬೇತಿ.

ಭಾರತದ ಮೊದಲ ಮಕ್ಕಳ ಮಾರ್ಗದರ್ಶನ ಕ್ಲಿನಿಕ್ 1937ರಲ್ಲಿ ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ ತೆರೆಯಿತು. ಬೆಂಗಳೂರಿನ ಸಂಸ್ಥೆಯಲ್ಲೂ ಮುಂದೆ ಅಂಥದೇ ಕ್ಲಿನಿಕ್ ಬಂತು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆದಾಗ ಮಕ್ಕಳ ಮನೋವೈದ್ಯಕ್ಕೆ ಇನ್ನಷ್ಟು ನೆಲೆ ಸಿಕ್ಕಿತು. ಆದರೆ ಆ ಕಾಲದಲ್ಲಿ ಓಟಿಯ ಕೈಗೆ ಬರುತ್ತಿದ್ದ ಮಕ್ಕಳು ಬಹುಪಾಲು ಪೋಲಿಯೊ ಅಥವಾ ಸೆರೆಬ್ರಲ್ ಪಾಲ್ಸಿಯವರು. ಬೆಂಗಳೂರಿನಲ್ಲಿ 1980ರಲ್ಲಿ ಹುಟ್ಟಿದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕದಂಥ ಸಂಸ್ಥೆಗಳಿಂದ, ಮಕ್ಕಳ ಜೊತೆ ಆಟದ ಮೂಲಕ ಕೆಲಸ ಮಾಡುವ ಥೆರಪಿ ಊರಿಗೆ ಪರಿಚಯವಾಯಿತು. 1991ರಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಬಂದ ಮೇಲೆ ಮಕ್ಕಳ ವೈದ್ಯರೂ ಮಕ್ಕಳ ಮನೋವೈದ್ಯರೂ ಒಂದೇ ಅಂಚೆ ವಲಯದಲ್ಲಿ ಸಿಗುವಂತಾಯಿತು. ಶೋಭಾ ಶ್ರೀನಾಥ್ ಮತ್ತು ಸಹೋದ್ಯೋಗಿಗಳು ಬೆಂಗಳೂರು ನಗರ, ಕೊಳೆಗೇರಿ ಮತ್ತು ಹಳ್ಳಿಗಳ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಶೇ. 12.5ರಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಮಕ್ಕಳ ಮನೋವೈದ್ಯ ಹೊರದೇಶದ ಹಂಗಿನ ವಿಷಯವಲ್ಲ ಎನ್ನಲು ಈ ಅಂಕಿ ಸಾಕಾಗಿತ್ತು.

ಎರಡು ದಾರಿಗಳು ಕೂಡಿದ್ದು ಜೀನ್ ಏರ್ಸ್ ಅವರ ಸಿದ್ಧಾಂತದಿಂದ. ಕ್ಯಾಲಿಫೋರ್ನಿಯಾದ ಈ ಓಟಿ 1972ರಲ್ಲಿ ತಮ್ಮ ಸಂವೇದನಾ ಸಮನ್ವಯದ ಪುಸ್ತಕ ಪ್ರಕಟಿಸಿದರು. ಸ್ಪರ್ಶ, ಸಮತೋಲ, ಸ್ನಾಯು-ಕೀಲುಗಳಿಂದ ಬರುವ ಸಂವೇದನೆಗಳನ್ನು ಮಿದುಳು ಸರಿಯಾಗಿ ಜೋಡಿಸಿಕೊಳ್ಳದಿದ್ದರೆ ಕಲಿಕೆ ಎಡವುತ್ತದೆ ಎಂಬುದು ಅವರ ವಾದ. ಅವರ ಗಮನವಿದ್ದದ್ದು ಕಲಿಕೆಯ ತೊಂದರೆಯ ಮಕ್ಕಳ ಮೇಲೆ. ಸಿದ್ಧಾಂತ ಆಟಿಸಂಗೂ ಎ.ಡಿ.ಎಚ್.ಡಿ.ಗೂ ಹರಡಿಕೊಂಡಿತು. ಥೆರಪಿ ಕೋಣೆಗಳಲ್ಲಿ ಚಾವಣಿಗೆ ತೂಗುಬಿಟ್ಟ ಉಯ್ಯಾಲೆ, ಟ್ರ್ಯಾಂಪೊಲಿನ್, ದೊಡ್ಡ ರಬ್ಬರ್ ಚೆಂಡು, ಭಾರದ ಅಂಗಿಗಳು ಕಾಣಿಸಿಕೊಂಡದ್ದು ಈ ವಿಚಾರದ ಬೆನ್ನಿಗೆ. ಉಯ್ಯಾಲೆ ಕಂಡು ಮಗು ಹಿಗ್ಗುತ್ತದೆ, ದುಡ್ಡು ಕಟ್ಟಿದವರಿಗೂ ಏನೋ ನಡೆಯುತ್ತಿದೆ ಎಂಬ ಸಮಾಧಾನ ಸಿಗುತ್ತದೆ. ಪುರಾವೆ ಮಾತ್ರ ಅಷ್ಟು ಧಾರಾಳವಾಗಿಲ್ಲ. 2012ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಇಂಥ ಥೆರಪಿಯ ಪರಿಣಾಮದ ಬಗ್ಗೆ ಸಂಶೋಧನೆ ಸೀಮಿತವೂ ಅನಿಶ್ಚಿತವೂ ಆಗಿದೆ ಎಂಬುದನ್ನು ತಂದೆತಾಯಿಗೆ ತಿಳಿಸಬೇಕು ಎಂದಿತು. 579 ಮಕ್ಕಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನ ತೂಗಿ ನೋಡಿದ್ದು ಔಷಧಿಯನ್ನೂ ನಡವಳಿಕೆ ತರಬೇತಿಯನ್ನೂ. ಉಯ್ಯಾಲೆ ಆ ತಕ್ಕಡಿಗೆ ಏರಿರಲೇ ಇಲ್ಲ.

ಓಟಿಗೆ ಹೆಚ್ಚು ಗಟ್ಟಿಯಾದ ನೆಲ ಸಿಕ್ಕಿದ್ದು ಬೇರೆಡೆ, ಅಂದರೆ ಮಗುವಿನ ದಿನನಿತ್ಯದ ಕೆಲಸಗಳಲ್ಲಿ. ಎ.ಡಿ.ಎಚ್.ಡಿ. ಇರುವ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಕೈಕಾಲುಗಳ ಹೊಂದಾಣಿಕೆಯ ತೊಂದರೆಯೂ ಇರಬಹುದು. ಗುಂಡಿ ಸಿಗುವುದಿಲ್ಲ, ಷೂ ಲೇಸು ಬಿಗಿಯುವುದಿಲ್ಲ, ಅಕ್ಷರ ಗೆರೆ ಬಿಟ್ಟು ಹಾರುತ್ತದೆ. ಇಂಗ್ಲಿಷ್ ಮಾಧ್ಯಮದ ಶಾಲೆಗಳ ನಗರದಲ್ಲಿ ಇದು ಮೊದಲು ಬಯಲಾಗುವುದು ಡೈರಿಯಲ್ಲಿ: ಅಕ್ಷರ ಚೆನ್ನಾಗಿಲ್ಲ, ಬರೆದು ಮುಗಿಸಲಿಲ್ಲ, ಪುಸ್ತಕ ತಂದಿಲ್ಲ. ಎಷ್ಟೋ ಮಕ್ಕಳು ಓಟಿಯ ಬಾಗಿಲಿಗೆ ಬಂದದ್ದು ಗಮನದ ಕೊರತೆಗಾಗಿ ಅಲ್ಲ, ಈ ಕೈಬರಹದ ದೂರಿನಿಂದ. ಓಟಿ ಮೊದಲು ನೋಡುವುದು ಪೆನ್ಸಿಲ್ ಹಿಡಿತ, ಭುಜದ ಬಲ, ಪಾದ ನೆಲಕ್ಕೆ ತಾಗುತ್ತದೆಯೇ ಎಂಬುದು. ಕಾಲು ತೂಗಾಡುವ ಎತ್ತರದ ಬೆಂಚಿನ ಮೇಲೆ ಕೂತ ಮಗು ಸ್ಥಿರವಾಗಿರಲಿ ಎಂದು ಬಯಸುವುದೇ ಅನ್ಯಾಯ. ಕಾಲ ಕೆಳಗೊಂದು ಮಣೆ ಇಟ್ಟರೆ ಅರ್ಧ ಜಗಳ ಮುಗಿಯುವುದುಂಟು. ಆಮೇಲೆ ಕೆಲಸವನ್ನು ತುಂಡು ಮಾಡುವುದು. ಹತ್ತು ಲೆಕ್ಕದ ಬದಲು ಮೂರು, ನಡುವೆ ಎದ್ದು ನೀರು ತರುವ ನೆಪ, ರಾತ್ರಿಯೇ ಬ್ಯಾಗು ಜೋಡಿಸಲು ಬಾಗಿಲ ಬಳಿ ಒಂದು ಪಟ್ಟಿ. ಕೆನಡಾದ ಹೆಲೆನ್ ಪೊಲಾಟಾಯ್ಕೊ ಮತ್ತು ಸಂಗಡಿಗರು ಬೆಳೆಸಿದ ಕ್ರಮದಲ್ಲಿ ಗುರಿಯನ್ನು ಮಗುವೇ ಆರಿಸುತ್ತದೆ, ಯೋಜನೆ ಹಾಕುತ್ತದೆ, ಮಾಡುತ್ತದೆ, ಆಯಿತೇ ಎಂದು ತಾನೇ ನೋಡಿಕೊಳ್ಳುತ್ತದೆ. ಸೈಕಲ್ ಕಲಿಯುವುದೂ ಅಲ್ಲಿ ಗುರಿಯಾಗಬಹುದು. ಹಳೆಯ ಆಸ್ಪತ್ರೆಯಲ್ಲಿ ಮಗ್ಗದ ಮುಂದೆ ಕೂತ ರೋಗಿಯಂತೆ ಇಲ್ಲೂ ಚಿಕಿತ್ಸೆ ಕೆಲಸದೊಳಗೇ ನಡೆಯುತ್ತದೆ. ಉಯ್ಯಾಲೆಯ ಅರ್ಧ ಗಂಟೆಗಿಂತ ವೃತ್ತಿಯ ಮೂಲಕ್ಕೆ ಹತ್ತಿರವಾದದ್ದು ಇದೇ. ಇದು ಮಾತ್ರೆಗೆ ಬದಲಿಯಲ್ಲ. ಮೀಥೈಲ್‌ಫೆನಿಡೇಟ್ ಎನ್.ಡಿ.ಪಿ.ಎಸ್. ಕಾಯ್ದೆಯ ಪಟ್ಟಿಯಲ್ಲಿರುವುದರಿಂದ ಎಲ್ಲ ಔಷಧದಂಗಡಿಗಳಲ್ಲೂ ಸಿಗುವುದಿಲ್ಲ. ಮಾತ್ರೆಯ ಭಯದಿಂದ ಓಟಿಯೊಂದೇ ಸಾಕು ಎನ್ನುವ ಮನೆಗಳೂ ಕಡಿಮೆಯಿಲ್ಲ.

ಸರ್ಕಾರ ಈ ಮಕ್ಕಳನ್ನು ಅರ್ಧ ಮಾತ್ರ ಗುರುತಿಸಿದೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳ ತಪಾಸಣೆಗೆ ಗೊತ್ತುಮಾಡಿದ 30 ಸ್ಥಿತಿಗಳಲ್ಲಿ ಎ.ಡಿ.ಎಚ್.ಡಿ. ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎ.ಡಿ.ಎಚ್.ಡಿ. ಇಲ್ಲ. ಹಾಗಾಗಿ ಕಲಿಕಾ ನ್ಯೂನತೆಯೂ ಜೊತೆಗಿರುವ ಮಗುವಿಗೆ ಸಿಗುವ ಪ್ರಮಾಣಪತ್ರ, ಬರೀ ಎ.ಡಿ.ಎಚ್.ಡಿ. ಇರುವ ಮಗುವಿಗೆ ಆ ಕಾಯ್ದೆಯಡಿ ಸಿಗುವುದಿಲ್ಲ.

ಚಿಕಿತ್ಸಕರ ಸ್ಥಿತಿಯೂ ಬಹುಕಾಲ ಹೀಗೇ ಅತಂತ್ರವಾಗಿತ್ತು. ಮಣಿಪಾಲದಂಥ ಕಡೆ ನಾಲ್ಕೂವರೆ ವರ್ಷ ಓದಿ ಪದವಿ ಪಡೆದವರಿಗೂ, ಅಲ್ಪಾವಧಿಯ ತರಬೇತಿ ಮುಗಿಸಿ ಬೋರ್ಡು ಹಾಕಿದವರಿಗೂ ಇರುವ ವ್ಯತ್ಯಾಸ ಬಾಗಿಲಲ್ಲಿ ನಿಂತ ತಾಯಿಗೆ ತಿಳಿಯುವ ಬಗೆಯಿರಲಿಲ್ಲ. ದೆಹಲಿ 1997ರಲ್ಲಿ, ಮಹಾರಾಷ್ಟ್ರ 2002ರಲ್ಲಿ ತಮ್ಮದೇ ಪರಿಷತ್ತಿನ ಕಾಯ್ದೆ ಮಾಡಿಕೊಂಡವು. ಇಡೀ ದೇಶಕ್ಕೆ ಅನ್ವಯಿಸುವ ನಿಯಮ ಬಂದದ್ದು 2021ರ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಿಂದ. ಆಕ್ಯುಪೇಷನಲ್ ಥೆರಪಿ ಅದರ ಅನುಸೂಚಿಯಲ್ಲಿದೆ. ರಾಜ್ಯ ಪರಿಷತ್ತುಗಳನ್ನು ರಚಿಸುವ, ಓದಿದವರ ಹೆಸರನ್ನು ನೋಂದಾಯಿಸುವ ಹೊಣೆ ಆ ಕಾಯ್ದೆಯಡಿ ಆಯಾ ರಾಜ್ಯಗಳದ್ದು.