ಡಿಗ್ರಿ ಕಾಯಿಲೆ ಮತ್ತು ರೊನಾಲ್ಡ್ ಡೋರ್

ನಮ್ಮಪ್ಪ ಎಸ್ಸೆಸ್ಸೆಲ್ಸಿ ಪಾಸಾಗಿ ಗುಮಾಸ್ತರಾದವರು. ಅಂಥದ್ದೇ ಕುರ್ಚಿಗಾಗಿ ನಾನು ಬಿ.ಕಾಂ. ಮಾಡಬೇಕಾಯ್ತು. ಕಳೆದ ತಿಂಗಳು ಆಫೀಸಿನಲ್ಲಿ ಅದೇ ಥರದ ಕೆಲಸಕ್ಕೆ ಬಂದ ಅರ್ಜಿಗಳನ್ನು ಸೋಸುವುದು ನನ್ನ ಪಾಲಿಗೆ ಬಿತ್ತು. ನೋಡಿದರೆ ಎಂ.ಬಿ.ಎ.ಗಳ ರಾಶಿ! ಬರೀ ಪಿಯುಸಿ ಆದವರದ್ದನ್ನು ಓದದೆಯೇ ಪಕ್ಕಕ್ಕಿಟ್ಟೆ. ಆ ರಾತ್ರಿ ನೆನಪಾದವರು ರೊನಾಲ್ಡ್ ಡೋರ್.

ಡೋರ್ (1925-2018) ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸೈನ್ಯಕ್ಕಾಗಿ ಜಪಾನಿ ಭಾಷೆ ಕಲಿತವರು. ಯುದ್ಧ ಮುಗಿಯಿತು, ಜಪಾನಿನ ಹುಚ್ಚು ಬಿಡಲಿಲ್ಲ. 1965ರಲ್ಲಿ ತೊಕುಗಾವ ಕಾಲದ ಶಿಕ್ಷಣದ ಬಗ್ಗೆ ಪುಸ್ತಕ ಬರೆದರು. ಆಗ ಅಲ್ಲಿ ತೆರಕೊಯ ಎಂಬ, ಹೆಚ್ಚುಕಮ್ಮಿ ನಮ್ಮ ಕೂಲಿಮಠದಂಥ ಶಾಲೆಗಳಿದ್ದವು. 1868ರ ಹೊತ್ತಿಗೇ ನೂರಕ್ಕೆ ನಲವತ್ತರಷ್ಟು ಹುಡುಗರು, ಹತ್ತರಷ್ಟು ಹುಡುಗಿಯರು ಮನೆಯಾಚೆ ಹೋಗಿ ಒಂದಿಷ್ಟು ಓದುಬರಹ ಕಲಿಯುತ್ತಿದ್ದರೆಂದು ಡೋರ್ ಅಂದಾಜು. ನೌಕರಿಯ ಸರ್ಟಿಫಿಕೇಟಿಗಾಗಿ ಅಲ್ಲ, ಕಾಗದ-ಲೆಕ್ಕ ಬರಲಿ ಅಂತ.

1973ರಲ್ಲಿ ಒಂದು ಬ್ರಿಟಿಷ್ ಕಂಪೆನಿಯನ್ನೂ ಜಪಾನಿನ ಹಿಟಾಚಿಯನ್ನೂ ಹೋಲಿಸಿದರು. ಹಿಟಾಚಿಯಲ್ಲಿ ಮೊದಲು ಸೇರಿಸಿಕೊಂಡು ಆಮೇಲೆ ಕಸುಬು ಕಲಿಸುತ್ತಿದ್ದರು.

ಇದೆಲ್ಲ ಸೇರಿ ಹುಟ್ಟಿದ್ದು 1976ರ 'ದಿ ಡಿಪ್ಲೊಮಾ ಡಿಸೀಸ್'. ಇಂಗ್ಲೆಂಡ್, ಜಪಾನ್, ಶ್ರೀಲಂಕಾ, ಕೀನ್ಯಾ ನಾಲ್ಕರ ಕಥೆ. ವಾದ ಸರಳ. ಹತ್ತನೇ ಕ್ಲಾಸಿನವರು ಸಾಕಾಗುವ ಕೆಲಸಕ್ಕೆ ಪದವೀಧರರೂ ಅರ್ಜಿ ಹಾಕುತ್ತಾರೆ. ಸೋಸುವವನಿಗೆ ಸುಲಭವೆಂದು ಪದವಿಯೇ ಅರ್ಹತೆಯಾಗುತ್ತದೆ, ಕೆಲಸ ಮಾತ್ರ ಹಾಗೇ ಇರುತ್ತದೆ. ಆಗ ಎಲ್ಲರೂ ಇನ್ನೊಂದು ಮೆಟ್ಟಿಲು ಹತ್ತಲೇಬೇಕು. ಇಂಗ್ಲೆಂಡಿನ ಹಳೆಯ ಎಂಜಿನಿಯರುಗಳು ಇನ್ನೊಬ್ಬರ ಕೈಕೆಳಗೆ ಪಳಗಿದವರು. ಡಿಗ್ರಿ ನಿಧಾನವಾಗಿ ಆಮೇಲೆ ಬಂತು. ತಡವಾಗಿ ಕೈಗಾರಿಕೆಗೆ ಇಳಿದ ದೇಶಗಳಲ್ಲಿ ಹಾಗಲ್ಲ, ಶುರುವಿನಿಂದಲೇ ಸರ್ಟಿಫಿಕೇಟು. ಒಳ್ಳೆಯ ನೌಕರಿಗೂ ಹೊಲದ ದುಡಿಮೆಗೂ ಸಂಬಳದ ಅಂತರ ಅಲ್ಲಿ ದೊಡ್ಡದು, ಹಾಗಾಗಿ ನೂಕುನುಗ್ಗಲೂ ಜಾಸ್ತಿ. ಶ್ರೀಲಂಕಾದಲ್ಲಿ 1971ರ ಏಪ್ರಿಲಿನಲ್ಲಿ ಬಂದೂಕು ಹಿಡಿದು ದಂಗೆಯೆದ್ದವರಲ್ಲಿ ಓದಿಯೂ ಕೆಲಸ ಸಿಗದ ಹಳ್ಳಿ ಹುಡುಗರು ಬಹಳ ಮಂದಿ ಇದ್ದರು. ಈ ಪುಟಗಳನ್ನು ನಾನು ಎರಡೆರಡು ಸಲ ಓದಿದ್ದೇನೆ.

ಮದ್ದು? ಚಿಕ್ಕ ವಯಸ್ಸಿಗೇ ಕೆಲಸಕ್ಕೆ ಸೇರಿಸಿಕೊಳ್ಳಿ, ಮುಂದಿನ ಓದು ಕೆಲಸದ ಜೊತೆಗಿರಲಿ, ಉರುಹೊಡೆಯಲಾಗದ ಪರೀಕ್ಷೆಯಿಂದ ಆರಿಸಿ ಅಂದರು. ಉರುಹೊಡೆಯಲಾಗದ ಪರೀಕ್ಷೆಯಂತೆ! ನಮ್ಮ ಕೋಚಿಂಗ್ ಸೆಂಟರುಗಳನ್ನು ಕೇಳಿ. ಇಲ್ಲಿ ಡೋರ್ ಸ್ವಲ್ಪ ಮುಗ್ಧರೇ ಅನ್ನಿಸುತ್ತದೆ.

ಇರಲಿ. ಮರುದಿನ ಪಕ್ಕಕ್ಕಿಟ್ಟ ಅರ್ಜಿಗಳನ್ನು ತೆಗೆದೆ. ಒಂಬತ್ತಿದ್ದವು. ಒಂದು ಹುಡುಗಿ ಮೂರು ವರ್ಷ ಅಂಗಡಿಯೊಂದರ ಲೆಕ್ಕ ಬರೆದವಳು. ಇವಳನ್ನು ಕರೆಯೋಣ ಅಂದೆ. "ಡಿಗ್ರಿ ಕಡ್ಡಾಯ ಅಂತ ಜಾಹೀರಾತಿನಲ್ಲೇ ಇದೆಯಲ್ಲ ಸಾರ್" ಅಂದರು ಪಕ್ಕದವರು.

ಆ ಜಾಹೀರಾತು ಟೈಪ್ ಮಾಡಿದ್ದು ನಾನೇ.